ಗಲ್ಫ್‌ನಲ್ಲಿ ಚಾಲನಾ ಪರವಾನಿಗೆ: ಊರಿನ ಲೈಸನ್ಸ್ ಎಲ್ಲಿಯ ತನಕ ನಡೆಯುತ್ತದೆ?

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಪರಿಸರದಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಇಲ್ಲದ ಊರು ಸಿಗುವುದು ಕಷ್ಟ. ಹೋದವರಿಗೆ ವೀಸಾ, ಕೆಲಸ, ಉಳಿಯಲು ಕೋಣೆ ಎಲ್ಲ ಸರಿಯಾದ ಮೇಲೆ ಎದುರಾಗುವ ದೊಡ್ಡ ಖರ್ಚಿನ ಬಾಬ್ತು ಅಲ್ಲಿನ ಚಾಲನಾ ಪರವಾನಿಗೆ. ಅಂಗಡಿಯಲ್ಲಿ ನಿಂತು ಕೆಲಸ ಮಾಡುವವನು ಸೇಲ್ಸ್‌ಮನ್ ಆಗಬೇಕಿದ್ದರೆ, ಹೆಲ್ಪರ್ ಆಗಿ ಹೋದವನು ಡೆಲಿವರಿ ವ್ಯಾನ್ ಹಿಡಿಯಬೇಕಿದ್ದರೆ, ಸಂಸಾರವನ್ನು ಕರೆಸಿಕೊಂಡವರು ಮಕ್ಕಳನ್ನು ಶಾಲೆಗೆ ಬಿಡಬೇಕಿದ್ದರೆ ಲೈಸನ್ಸ್ ಬೇಕೇ ಬೇಕು.

ಆದರೆ ಊರಿನ ಘಾಟಿ ರಸ್ತೆಗಳಲ್ಲಿ ಹತ್ತು ವರ್ಷ ಜೀಪು ಓಡಿಸಿದವರೂ ಅಲ್ಲಿ ವಿದ್ಯಾರ್ಥಿಯಾಗಿ ಮತ್ತೆ ತರಗತಿಯಲ್ಲಿ ಕೂರಬೇಕಾಗುತ್ತದೆ. ಭಾರತದ ಲೈಸನ್ಸ್ ಅಲ್ಲಿ ನೇರವಾಗಿ ಬದಲಾಗುವುದಿಲ್ಲ. ಹಾಗೆಂದು ಅದು ನಿರುಪಯುಕ್ತವೂ ಅಲ್ಲ. ಸರಿಯಾದ ದಾಖಲೆಯೊಂದಿಗೆ ಹೋದರೆ ಅದು ಪಾಠದ ಗಂಟೆಗಳನ್ನು ಕಡಿಮೆ ಮಾಡುತ್ತದೆ, ಸಾವಿರಾರು ದಿರ್ಹಮ್ ಉಳಿಸುತ್ತದೆ. ಈ ಲಾಭ ಸಿಗುವುದೋ ಇಲ್ಲವೋ ಎಂಬುದು ಬಹುಪಾಲು ಊರು ಬಿಡುವ ಮೊದಲೇ ನಿರ್ಧಾರವಾಗುತ್ತದೆ. ಗಡಿನಾಡಿನಿಂದ ಹೆಚ್ಚು ಮಂದಿ ಹೋಗುವ ಯು.ಎ.ಇ.ಯನ್ನು ಮುಖ್ಯವಾಗಿಟ್ಟುಕೊಂಡು ಈ ಮಾಹಿತಿ ನೀಡಲಾಗಿದೆ.

ಊರಿನ ಲೈಸನ್ಸ್ ಯಾಕೆ ಸಾಲದು?

ಯು.ಎ.ಇ. ಏಳು ಎಮಿರೇಟ್‌ಗಳ ಒಕ್ಕೂಟ. ಲೈಸನ್ಸ್ ನೀಡುವುದು ಆಯಾ ಎಮಿರೇಟ್‌ನ ಅಧಿಕಾರಿಗಳು. ದುಬೈಯಲ್ಲಿ 2005ರಲ್ಲಿ ಸ್ಥಾಪನೆಯಾದ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರ, ಅಂದರೆ ಎಲ್ಲರೂ ಹೇಳುವ ಆರ್‌ಟಿಎ, ಈ ಕೆಲಸ ಮಾಡುತ್ತದೆ. ಶಾರ್ಜಾದಲ್ಲಿ ಪೊಲೀಸ್ ಇಲಾಖೆ ನೋಡಿಕೊಳ್ಳುತ್ತದೆ. ಸಾಮಾನ್ಯವಾಗಿ ವೀಸಾ ಯಾವ ಎಮಿರೇಟ್‌ನದ್ದೋ ಅಲ್ಲಿಯೇ ಲೈಸನ್ಸ್ ಮಾಡಿಸುವುದು ರೂಢಿ. ಒಂದು ಎಮಿರೇಟ್‌ನಲ್ಲಿ ಪಡೆದ ಲೈಸನ್ಸ್ ಏಳೂ ಕಡೆ ನಡೆಯುತ್ತದೆ.

ಬ್ರಿಟನ್, ಅಮೆರಿಕ, ಜರ್ಮನಿ, ಜಪಾನ್ ಮೊದಲಾದ ಕೆಲವು ದೇಶಗಳ ಲೈಸನ್ಸ್ ಇದ್ದವರು ಅಲ್ಲಿ ಪರೀಕ್ಷೆ ಇಲ್ಲದೆ ಸ್ಥಳೀಯ ಲೈಸನ್ಸ್‌ಗೆ ಬದಲಾಯಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಆದುದರಿಂದ ಕೇರಳದ್ದಿರಲಿ, ಕರ್ನಾಟಕದ್ದಿರಲಿ, ಮಹಾರಾಷ್ಟ್ರದ್ದಿರಲಿ, ಭಾರತದ ಲೈಸನ್ಸ್ ಹೊಂದಿದವರೆಲ್ಲ ಅಲ್ಲಿ ಪರೀಕ್ಷೆ ಕೊಡಲೇಬೇಕು.

ಇನ್ನೊಂದು ಕಾರಣ ರಸ್ತೆಯದ್ದೇ. ಭಾರತದಲ್ಲಿ ವಾಹನ ಎಡಬದಿಯಲ್ಲಿ ಸಾಗುತ್ತದೆ, ಸ್ಟೇರಿಂಗ್ ಬಲಗಡೆ ಇರುತ್ತದೆ. ಗಲ್ಫ್‌ನ ಆರೂ ದೇಶಗಳಲ್ಲಿ ವಾಹನ ಬಲಬದಿಯಲ್ಲಿ ಸಾಗುತ್ತದೆ, ಸ್ಟೇರಿಂಗ್ ಎಡಗಡೆ. ಗೇರ್ ಹಾಕುವ ಕೈ, ಕನ್ನಡಿ ನೋಡುವ ದಿಕ್ಕು, ತಿರುವಿನಲ್ಲಿ ಮೊದಲು ನೋಡಬೇಕಾದ ಬದಿ ಎಲ್ಲವೂ ಉಲ್ಟಾ. ಅನುಭವ ಇದ್ದವರಿಗೇ ಹಳೆಯ ಅಭ್ಯಾಸ ಬಿಡುವುದು ಹೆಚ್ಚು ಕಷ್ಟ.

ವಿಸಿಟ್ ವೀಸಾಕ್ಕೆ ಒಂದು ನಿಯಮ, ರೆಸಿಡೆನ್ಸ್ ವೀಸಾಕ್ಕೆ ಇನ್ನೊಂದು

ಹೆಚ್ಚಿನವರು ಎಡವುವುದು ಇಲ್ಲಿ. ಅಂತಾರಾಷ್ಟ್ರೀಯ ಚಾಲನಾ ಪರ್ಮಿಟ್ ಎಂಬ ದಾಖಲೆಯನ್ನು ಊರಿನ ಆರ್‌ಟಿಒ ಕಚೇರಿಯಿಂದಲೇ ಪಡೆಯಬಹುದು. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ಸಲ್ಲಿಸುವ ವ್ಯವಸ್ಥೆ ಇದೆ. ನಮೂನೆ 4-ಎ, ಚಾಲ್ತಿಯಲ್ಲಿರುವ ಲೈಸನ್ಸ್ ಮತ್ತು ಪಾಸ್‌ಪೋರ್ಟ್ ಪ್ರತಿ ಬೇಕಾಗುತ್ತವೆ. ಕೇಂದ್ರದ ನಿಯಮದಂತೆ ಶುಲ್ಕ 1,000 ರೂಪಾಯಿ. ಪರ್ಮಿಟ್‌ನ ಅವಧಿ ಒಂದು ವರ್ಷ. ಅದರೊಳಗೆ ಮೂಲ ಲೈಸನ್ಸ್‌ನ ಅವಧಿ ಮುಗಿದರೆ ಪರ್ಮಿಟ್ ಕೂಡ ಅಲ್ಲಿಗೇ ಮುಗಿಯುತ್ತದೆ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದಂತೆ ಇದನ್ನು ನೀಡಲಾಗುತ್ತದೆ. ಹಿಂದೆ ರಾಜ್ಯಕ್ಕೊಂದು ಬಗೆಯಲ್ಲಿದ್ದ ಈ ಪುಸ್ತಿಕೆಗೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ದೇಶಕ್ಕೆಲ್ಲ ಒಂದೇ ರೂಪ ಕೊಟ್ಟಿತು.

ವಿಸಿಟ್ ವೀಸಾದಲ್ಲಿ ಹೋದವರು ಈ ಪರ್ಮಿಟ್ ಮತ್ತು ಮೂಲ ಲೈಸನ್ಸ್ ಎರಡನ್ನೂ ಇಟ್ಟುಕೊಂಡು ಯು.ಎ.ಇ.ಯಲ್ಲಿ ಬಾಡಿಗೆ ಕಾರು ಓಡಿಸಬಹುದು. ಆದರೆ ರೆಸಿಡೆನ್ಸ್ ವೀಸಾ ಆದ ಕೂಡಲೇ ವ್ಯಕ್ತಿ ಪ್ರವಾಸಿ ಅಲ್ಲ, ಅಲ್ಲಿನ ನಿವಾಸಿ. ಪುಸ್ತಿಕೆಯಲ್ಲಿ ಇನ್ನೂ ಹತ್ತು ತಿಂಗಳು ಬಾಕಿ ಇದೆ ಎಂದು ಅದನ್ನೇ ನಂಬಿ ವಾಹನ ಓಡಿಸುವಂತಿಲ್ಲ. ಅಂದಿನಿಂದ ಸ್ಥಳೀಯ ಲೈಸನ್ಸೇ ಬೇಕು.

ಸಿಕ್ಕಿಬಿದ್ದರೆ ಶಿಕ್ಷೆ ಸಣ್ಣದಲ್ಲ. 2024ರಲ್ಲಿ ಹೊರಡಿಸಿದ, 2025ರ ಮಾರ್ಚ್ 29ರಿಂದ ಜಾರಿಗೆ ಬಂದ ಯು.ಎ.ಇ.ಯ ಹೊಸ ಸಂಚಾರ ಕಾನೂನಿನಲ್ಲಿ ಮಾನ್ಯತೆ ಇಲ್ಲದ ವಿದೇಶಿ ಲೈಸನ್ಸ್ ಹಿಡಿದು ವಾಹನ ಓಡಿಸಿದರೆ ಮೊದಲ ಸಲಕ್ಕೇ 2,000ದಿಂದ 10,000 ದಿರ್ಹಮ್ ದಂಡವಿದೆ. ಮತ್ತೆ ತಪ್ಪಿದರೆ ಜೈಲು ಶಿಕ್ಷೆಗೂ ಅವಕಾಶವಿದೆ. ಲೈಸನ್ಸೇ ಇಲ್ಲದೆ ಓಡಿಸಿದರೆ ಶಿಕ್ಷೆ ಇನ್ನೂ ಕಠಿಣ.

ದಂಡಕ್ಕಿಂತ ಭಯಪಡಬೇಕಾದದ್ದು ಅಪಘಾತಕ್ಕೆ. ಸರಿಯಾದ ಲೈಸನ್ಸ್ ಇಲ್ಲದವನು ಅಪಘಾತ ಮಾಡಿದರೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮರಳಿ ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ. ಜೀವಹಾನಿಯಾದರೆ ಮೃತರ ಕುಟುಂಬಕ್ಕೆ ಕೊಡಬೇಕಾದ 'ದಿಯಾ' ಪರಿಹಾರದ ಪ್ರಶ್ನೆಯೂ ಬರುತ್ತದೆ. ಹೀಗಾಗಿ "ಪಕ್ಕದ ಗಲ್ಲಿಗೆ ಅಲ್ಲವೇ, ಒಮ್ಮೆ ಗಾಡಿ ತೆಗೆದುಕೊಂಡು ಹೋಗಿ ಬಾ" ಎಂದು ಯಾರಾದರೂ ಹೇಳಿದರೂ ಒಪ್ಪಬಾರದು. ಸಿಕ್ಕಿಬಿದ್ದಾಗ ಉತ್ತರ ಕೊಡಬೇಕಾದವನು ಸ್ಟೇರಿಂಗ್ ಹಿಡಿದವನೇ.

ಊರು ಬಿಡುವ ಮುನ್ನ ನೋಡಬೇಕಾದ ಸಂಗತಿಗಳು

ಮೊದಲನೆಯದು ಲೈಸನ್ಸ್‌ನ ವಯಸ್ಸು. ದುಬೈಯಲ್ಲಿ ಲಘು ವಾಹನ ಕಲಿಯುವವರಿಗೆ ಊರಿನ ಲೈಸನ್ಸ್ ಇಲ್ಲದಿದ್ದರೆ ಅಥವಾ ಅದಕ್ಕೆ ಎರಡು ವರ್ಷ ತುಂಬದಿದ್ದರೆ 20 ಗಂಟೆ ಪ್ರಾಯೋಗಿಕ ತರಬೇತಿ ಇರುತ್ತದೆ. ಲೈಸನ್ಸ್‌ಗೆ ಎರಡರಿಂದ ಐದು ವರ್ಷ ಆಗಿದ್ದರೆ 15 ಗಂಟೆ, ಐದು ವರ್ಷ ದಾಟಿದ್ದರೆ 10 ಗಂಟೆ. ಗಂಟೆಗೆ ಗಂಟೆ ಶುಲ್ಕ ಕೊಡಬೇಕಾದ್ದರಿಂದ ಇದು ದೊಡ್ಡ ವ್ಯತ್ಯಾಸ. ಆದುದರಿಂದ ಹದಿನೆಂಟು ತುಂಬಿದ ಮಕ್ಕಳು ಕಾಲೇಜು ಓದುತ್ತಿರುವಾಗಲೇ ಊರಿನಲ್ಲಿ ಲೈಸನ್ಸ್ ಮಾಡಿಸಿಡುವುದು ಜಾಣತನ. ಹೊರಡುವ ತಿಂಗಳು ಅವಸರದಲ್ಲಿ ಮಾಡಿಸಿದ ಲೈಸನ್ಸ್‌ನಿಂದ ಅಲ್ಲಿ ಯಾವ ರಿಯಾಯಿತಿಯೂ ಸಿಗುವುದಿಲ್ಲ.

ಎರಡನೆಯದು ಮೊದಲು ನೀಡಿದ ದಿನಾಂಕ. ನವೀಕರಣ ಮಾಡಿಸಿದಾಗ ಅಥವಾ ಹಳೆಯದನ್ನು ಕಾರ್ಡ್ ರೂಪಕ್ಕೆ ಬದಲಾಯಿಸಿದಾಗ ಹೊಸ ದಿನಾಂಕವೂ ಬರುತ್ತದೆ. ಹತ್ತು ವರ್ಷದ ಹಿಂದಿನ ಲೈಸನ್ಸ್ ಕಳೆದ ವರ್ಷದ್ದರಂತೆ ಕಾಣಬಾರದು. ಮೊದಲು ನೀಡಿದ ದಿನಾಂಕ ಕಾರ್ಡಿನಲ್ಲಿ ಸ್ಪಷ್ಟವಾಗಿದೆಯೇ ಎಂದು ನೋಡಬೇಕು. ಸಂಶಯವಿದ್ದರೆ ಸಾರಥಿಯಲ್ಲಿ ಲೈಸನ್ಸ್ ವಿವರದ ಪ್ರತಿ, ಅಂದರೆ ಡಿಎಲ್ ಎಕ್ಸ್‌ಟ್ರಾಕ್ಟ್ ಪಡೆದು ಜತೆಗಿಟ್ಟುಕೊಳ್ಳಬಹುದು. ಹಳೆಯ ಪುಸ್ತಕ ಅಥವಾ ಲ್ಯಾಮಿನೇಟ್ ಮಾಡಿದ ಕಾಗದದ ಲೈಸನ್ಸ್ ಇರುವವರು ತಮ್ಮ ವಿವರ ಸಾರಥಿಯ ಕಂಪ್ಯೂಟರಿನಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕೇರಳದಲ್ಲಿ ಕಾರ್ಡ್ ರೂಪದ ಲೈಸನ್ಸ್ ಆರಂಭವಾದದ್ದು 2023ರ ಏಪ್ರಿಲ್‌ನಲ್ಲಿ.

ಮೂರನೆಯದು ಹೆಸರು. ಗಡಿನಾಡಿನವರಿಗೆ ಇದು ಬಲು ದೊಡ್ಡ ತಲೆನೋವು. ಶಾಲೆಯ ದಾಖಲೆಯಲ್ಲಿ ಕನ್ನಡದಿಂದ ಬರೆದ ಸ್ಪೆಲ್ಲಿಂಗ್, ಪಡಿತರ ಚೀಟಿಯಲ್ಲಿ ಮಲಯಾಳದಿಂದ ಬರೆದದ್ದು, ಆಧಾರ್‌ನಲ್ಲಿ ಮೂರನೆಯದು. ಮನೆಹೆಸರು ಒಂದು ಕಡೆ ಇನಿಶಿಯಲ್ ಆಗಿ ಮುಂದೆ ಬಂದರೆ, ಇನ್ನೊಂದು ಕಡೆ ಹಿಂದೆ ಬರುತ್ತದೆ. ಹೊಸೂರು, ತಾಳವಾಡಿ ಕಡೆಯವರಿಗೆ ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಹೆಸರು, ತಂದೆ ಹೆಸರು, ಅಡ್ಡಹೆಸರು ಎಂದು ಮೂರು ಸೇರುತ್ತವೆ. ವಿದೇಶದಲ್ಲಿ ಎಲ್ಲದಕ್ಕೂ ಆಧಾರ ಪಾಸ್‌ಪೋರ್ಟ್. ಎಮಿರೇಟ್ಸ್ ಐಡಿ ಕೂಡ ಅದರಂತೆಯೇ ಆಗುತ್ತದೆ. ಲೈಸನ್ಸ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಇದಕ್ಕೆ ಹೊಂದದಿದ್ದರೆ ಆ ಲೈಸನ್ಸ್ ತನ್ನದೇ ಎಂದು ಸಾಬೀತು ಮಾಡುವುದೇ ಕೆಲಸವಾಗುತ್ತದೆ. ಊರಿನ ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಟ್ಟು ಸರಿಪಡಿಸಿಕೊಂಡೇ ಹೊರಡಬೇಕು.

ನಾಲ್ಕನೆಯದು ವಿಳಾಸ. ಮಂಗಳೂರಿನಲ್ಲಿ ಓದುವಾಗ ಬಾಡಿಗೆ ಮನೆಯ ವಿಳಾಸ ಕೊಟ್ಟು ಕೆಎ-19 ಲೈಸನ್ಸ್ ಮಾಡಿಸಿಕೊಂಡವರು ತಲಪಾಡಿಯ ಈಚೆ ಬಹಳ ಮಂದಿ. ಭಾರತದಲ್ಲಿ ಯಾವ ರಾಜ್ಯದ ಲೈಸನ್ಸ್ ಆದರೂ ದೇಶವಿಡೀ ನಡೆಯುತ್ತದೆ, ಅದರಲ್ಲಿ ಸಂಶಯ ಬೇಡ. ಆದರೆ ಮುಂದೆ ನವೀಕರಣಕ್ಕೆ ಅಥವಾ ಅಂತಾರಾಷ್ಟ್ರೀಯ ಪರ್ಮಿಟ್‌ಗೆ ಅರ್ಜಿ ಹಾಕುವಾಗ ವಿಳಾಸದ ದಾಖಲೆ ಕೇಳುತ್ತಾರೆ. ಕಾಸರಗೋಡಿನ ಕೆಎಲ್-14 ಅಥವಾ ಕಾಞಂಗಾಡಿನ ಕೆಎಲ್-60 ಕಚೇರಿಯ ವ್ಯಾಪ್ತಿಯಲ್ಲಿ ಮನೆ ಇದ್ದು, ಲೈಸನ್ಸ್ ಮಾತ್ರ ಹಳೆಯ ಬಾಡಿಗೆ ವಿಳಾಸದಲ್ಲಿದ್ದರೆ ವಿಳಾಸ ಬದಲಾವಣೆಯನ್ನೂ ಈಗಲೇ ಮುಗಿಸಿಡುವುದು ಲೇಸು.

ಕೊನೆಯದಾಗಿ, ಮೂಲ ಕಾರ್ಡ್ ಕೈಯಲ್ಲಿರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿ ಊರಿನ ಪೊಲೀಸರಿಗೆ ಸಾಕು. ಹೊರದೇಶದ ಕೌಂಟರಿನಲ್ಲಿ ಅದು ಸಾಕಾಗುತ್ತದೆ ಎಂಬ ಭರವಸೆ ಬೇಡ.

ದುಬೈಯಲ್ಲಿ ಹಂತಹಂತವಾಗಿ

ರೆಸಿಡೆನ್ಸ್ ವೀಸಾ ಮತ್ತು ಎಮಿರೇಟ್ಸ್ ಐಡಿ ಆದ ಮೇಲೆ ಆರ್‌ಟಿಎ ಮಾನ್ಯತೆ ಇರುವ ಡ್ರೈವಿಂಗ್ ಶಾಲೆಯೊಂದನ್ನು ಆರಿಸಿಕೊಳ್ಳಬೇಕು. ಅಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿ ಟ್ರಾಫಿಕ್ ಫೈಲ್ ತೆರೆಯುತ್ತಾರೆ. ಕಂಪನಿಯಿಂದ ಆಕ್ಷೇಪಣೆ ಇಲ್ಲ ಎಂಬ ಪತ್ರ ಕೇಳಿದರೆ ಅದನ್ನೂ ಒದಗಿಸಬೇಕು. ಊರಿನ ಲೈಸನ್ಸ್ ತೋರಿಸಬೇಕಾದದ್ದು ಈ ಹಂತದಲ್ಲಿ. ಫೈಲ್ ತೆರೆಯುವಾಗ ಹೇಳದೆ, 20 ಗಂಟೆಯ ಕೋರ್ಸಿಗೆ ಹಣ ಕಟ್ಟಿದ ಮೇಲೆ ನೆನಪಿಸಿದರೆ ಪ್ರಯೋಜನವಾಗದು.

ಗೇರ್ ಇರುವ ಗಾಡಿಯೋ, ಆಟೋಮ್ಯಾಟಿಕ್ ಗಾಡಿಯೋ ಎಂಬುದನ್ನೂ ಆಗಲೇ ನಿರ್ಧರಿಸಬೇಕು. ಆಟೋಮ್ಯಾಟಿಕ್ ಪರೀಕ್ಷೆ ಸುಲಭವೆಂದು ಹಲವರು ಅದನ್ನೇ ಆರಿಸುತ್ತಾರೆ. ಆದರೆ ಆ ಲೈಸನ್ಸ್‌ನಲ್ಲಿ ಗೇರ್ ಗಾಡಿ ಓಡಿಸುವಂತಿಲ್ಲ. ವ್ಯಾನ್, ಪಿಕಪ್ ಓಡಿಸುವ ಕೆಲಸ ಹುಡುಕುವವರಿಗೆ ಇದು ಮುಂದೆ ಅಡ್ಡಿಯಾದೀತು. ಮೋಟಾರ್ ಬೈಕಿಗೆ ಬೇರೆಯೇ ಲೈಸನ್ಸ್, ಬೇರೆಯೇ ಪರೀಕ್ಷೆ. ಡೆಲಿವರಿ ಕೆಲಸಕ್ಕೆ ಹೋಗುವ ಯುವಕರು ಊರಿನ ಬೈಕ್ ಲೈಸನ್ಸ್ ನಂಬಿ ಹೋಗಬಾರದು.

ನಂತರ ತರಗತಿಯ ಪಾಠ. ಸಾಮಾನ್ಯವಾಗಿ ಎಂಟು ಗಂಟೆಯ ಪಾಠದಲ್ಲಿ ರಸ್ತೆ ಚಿಹ್ನೆಗಳು, ಲೇನ್ ನಿಯಮ, ವೇಗ ಮಿತಿ, ಅಪಾಯ ಗುರುತಿಸುವ ಬಗೆ ಹೇಳಿಕೊಡುತ್ತಾರೆ. ಬಳಿಕ ಕಂಪ್ಯೂಟರಿನಲ್ಲಿ ಜ್ಞಾನ ಪರೀಕ್ಷೆ. ಅರಬಿ, ಇಂಗ್ಲಿಷ್, ಉರ್ದು ಅಲ್ಲದೆ ಮಲಯಾಳ, ಹಿಂದಿ, ತಮಿಳು ಮೊದಲಾದ ಭಾಷೆಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಕನ್ನಡ ಆ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಗಡಿನಾಡಿನವರ ಎರಡನೇ ಭಾಷೆ ಉಪಯೋಗಕ್ಕೆ ಬರುತ್ತದೆ. ಕಾಸರಗೋಡಿನವರಿಗೆ ಮಲಯಾಳ, ಹೊಸೂರು ಮತ್ತು ನೀಲಗಿರಿಯವರಿಗೆ ತಮಿಳು, ಸೊಲ್ಲಾಪುರದವರಿಗೆ ಹಿಂದಿ. ಆದರೆ ಒಂದು ಎಚ್ಚರಿಕೆ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಪೇಟೆಯ ಮಲಯಾಳ ಮಾತನಾಡಲು ಬಂದರೂ ಪುಸ್ತಕದ ಮಲಯಾಳ ಓದಲು ತೊಡಕಾಗುತ್ತದೆ. ಮಾತಿನ ಭಾಷೆಯನ್ನು ಪರೀಕ್ಷೆಯ ಭಾಷೆ ಎಂದು ಭಾವಿಸಿ ಫಾರ್ಮಿನಲ್ಲಿ ಗುರುತು ಹಾಕುವ ಮೊದಲು ಆ ಭಾಷೆಯ ಪುಸ್ತಕವನ್ನು ಹತ್ತು ನಿಮಿಷ ಓದಿ ನೋಡಬೇಕು. ಓದಲು ತಡೆಯಾದರೆ ಇಂಗ್ಲಿಷ್ ಆರಿಸುವುದೇ ಉತ್ತಮ. ರಸ್ತೆ ಚಿಹ್ನೆಗಳ ಹೆಸರು ಹೇಗೂ ಇಂಗ್ಲಿಷಿನಲ್ಲೇ ರೂಢಿ. ಪಾಠದ ಭಾಷೆ ಯಾವುದಾದರೂ ರಸ್ತೆ ಪರೀಕ್ಷೆಯಲ್ಲಿ ಪರೀಕ್ಷಕರು ಹೇಳುವ ಎಡಕ್ಕೆ, ಬಲಕ್ಕೆ, ಯು-ಟರ್ನ್, ಲೇನ್ ಬದಲಿಸಿ, ಬದಿಗೆ ನಿಲ್ಲಿಸಿ ಎಂಬ ಇಂಗ್ಲಿಷ್ ಸೂಚನೆಗಳು ಕಿವಿಗೆ ಪರಿಚಯವಾಗಿರಬೇಕು.

ಪ್ರಾಯೋಗಿಕ ಪಾಠದ ನಡುವೆ ಅಂಗಳದ ಪರೀಕ್ಷೆ ಬರುತ್ತದೆ. ಎರಡು ಗಾಡಿಗಳ ನಡುವೆ ಸಮಾನಾಂತರವಾಗಿ ನಿಲ್ಲಿಸುವುದು, ಗ್ಯಾರೇಜಿಗೆ ಹಿಮ್ಮುಖವಾಗಿ ಸೇರಿಸುವುದು, ಓರೆಯಾಗಿ ನಿಲ್ಲಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು, ತುರ್ತು ಬ್ರೇಕ್ ಇವು ಅದರ ಭಾಗಗಳು. ಕೇರಳದಲ್ಲಿ ದೀರ್ಘಕಾಲದಿಂದ ಹೆಸರಾದ 'ಎಚ್' ಪರೀಕ್ಷೆ ಪಾಸಾದವರಿಗೆ ಹಿಮ್ಮುಖ ಚಾಲನೆ ಹೊಸದಲ್ಲ. ಆದರೆ ಇಲ್ಲಿ ಸ್ಟೇರಿಂಗ್ ಎಡಗಡೆ ಇರುವುದರಿಂದ ಅಂದಾಜು ಬೇರೆಯಾಗುತ್ತದೆ.

ಶಾಲೆಯ ಒಳಗಿನ ಮೌಲ್ಯಮಾಪನದಲ್ಲಿ ತೇರ್ಗಡೆಯಾದ ಮೇಲೆ ಆರ್‌ಟಿಎ ಪರೀಕ್ಷಕರ ಎದುರು ಕೊನೆಯ ರಸ್ತೆ ಪರೀಕ್ಷೆ. ಅದರಲ್ಲಿ ಪಾಸಾದರೆ ಲೈಸನ್ಸ್ ಕೈಗೆ ಸಿಗುತ್ತದೆ. ಫೇಲಾದರೆ ಮತ್ತೆ ಕೆಲವು ಗಂಟೆ ಪಾಠ, ಮತ್ತೆ ಶುಲ್ಕ, ಮತ್ತೆ ಸರದಿ.

ಒಂದೇ ಅವಕಾಶದ ದಾರಿ

2023ರ ಏಪ್ರಿಲ್‌ನಲ್ಲಿ ದುಬೈ ಆರ್‌ಟಿಎ 'ಗೋಲ್ಡನ್ ಚಾನ್ಸ್' ಎಂಬ ವ್ಯವಸ್ಥೆ ತಂದಿತು. ಭಾರತದಂತಹ, ನೇರ ವಿನಿಮಯ ಇಲ್ಲದ ದೇಶಗಳ ಲೈಸನ್ಸ್ ಇದ್ದವರು ಪಾಠಗಳಿಲ್ಲದೆ ನೇರವಾಗಿ ಜ್ಞಾನ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆ ಕೊಡಬಹುದು. ಆರಂಭದಲ್ಲಿ ಇದರ ಶುಲ್ಕ ಸುಮಾರು 2,200 ದಿರ್ಹಮ್ ಎಂದು ವರದಿಯಾಗಿತ್ತು. ಪಾಸಾದರೆ ಹಣವೂ ಉಳಿಯಿತು, ತಿಂಗಳುಗಳೂ ಉಳಿದವು. ಆದರೆ ಹೆಸರೇ ಹೇಳುವಂತೆ ಅವಕಾಶ ಒಂದೇ ಸಲ. ಫೇಲಾದರೆ ಆ ಹಣ ಹೋಯಿತು, ಮಾಮೂಲಿ ಕೋರ್ಸಿಗೇ ಸೇರಬೇಕು.

ಆದುದರಿಂದ ಲೈಸನ್ಸ್ ಇದೆ ಎಂಬ ಕಾರಣಕ್ಕೆ ಮಾತ್ರ ಇದಕ್ಕೆ ಕೈ ಹಾಕುವುದು ಸರಿಯಲ್ಲ. ಊರಿನಲ್ಲಿ ನಿತ್ಯ ಕಾರು ಓಡಿಸುತ್ತಿದ್ದವರಿಗೆ, ಬಲಬದಿ ಚಾಲನೆಯ ಪರಿಚಯ ಇದ್ದವರಿಗೆ ಇದು ಹೊಂದುತ್ತದೆ. ಲೈಸನ್ಸ್ ಮಾಡಿಸಿ ಪೆಟ್ಟಿಗೆಯಲ್ಲಿ ಇಟ್ಟವರಿಗೆ 10 ಗಂಟೆಯ ಪಾಠವೇ ಕೊನೆಗೆ ಅಗ್ಗವಾಗುತ್ತದೆ.

ಅನುಭವಿಗಳು ಫೇಲಾಗುವುದು ಎಲ್ಲಿ?

ವಾಹನ ಓಡಿಸಲು ಬಾರದೆ ಫೇಲಾಗುವವರಿಗಿಂತ ಊರಿನ ಅಭ್ಯಾಸದಿಂದ ಫೇಲಾಗುವವರ ಕಥೆಯೇ ಹೆಚ್ಚು ಕೇಳಿಬರುತ್ತದೆ. ಪರೀಕ್ಷಕರು ನೋಡುವುದು ಧೈರ್ಯವನ್ನಲ್ಲ, ಕ್ರಮವನ್ನು.

ವೃತ್ತ: ಅಲ್ಲಿ ರೌಂಡಬೌಟ್‌ನಲ್ಲಿ ವಾಹನಗಳು ಎಡಗಡೆಯಿಂದ ಬರುತ್ತವೆ. ಒಳಗೆ ಇರುವ ವಾಹನಕ್ಕೆ ಮೊದಲ ಹಕ್ಕು. ಊರಿನ ಸರ್ಕಲ್‌ನಲ್ಲಿ ಮೂತಿ ತೂರಿಸಿದವನಿಗೆ ದಾರಿ ಸಿಗುತ್ತದೆ, ಅಲ್ಲಿ ಮೂತಿ ತೂರಿಸಿದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.

ಕನ್ನಡಿ ಮತ್ತು ಹೆಗಲ ನೋಟ: ಲೇನ್ ಬದಲಿಸುವ ಮೊದಲು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ತಲೆ ತಿರುಗಿಸಿ ಹೆಗಲ ಮೇಲಿಂದ ಪಕ್ಕವನ್ನು ನೋಡಲೇಬೇಕು. ಕಣ್ಣಂಚಿನಲ್ಲಿ ನೋಡಿದ್ದು ಪರೀಕ್ಷಕರಿಗೆ ಕಾಣುವುದಿಲ್ಲ. ತಲೆ ತಿರುಗಿದ್ದು ಕಾಣಬೇಕು.

ಹಾರ್ನ್: ನಮ್ಮಲ್ಲಿ ತಿರುವಿಗೊಂದು ಹಾರ್ನ್ ಸುರಕ್ಷತೆಯ ಲಕ್ಷಣ. ಅಲ್ಲಿ ಕಾರಣವಿಲ್ಲದ ಹಾರ್ನ್ ಅಸಭ್ಯತೆ.

ಜೀಬ್ರಾ ಗೆರೆ: ನಡೆದು ದಾಟುವವನು ಕಾಲಿಟ್ಟಾಗ ವಾಹನ ನಿಲ್ಲಬೇಕು. ಕೈ ತೋರಿಸಿ ಅವನನ್ನೇ ನಿಲ್ಲಿಸಿ ಮುಂದೆ ಹೋಗುವ ಪದ್ಧತಿ ಇಲ್ಲ.

ನಿಧಾನ: ಭಯದಿಂದ ತೀರಾ ನಿಧಾನವಾಗಿ ಓಡಿಸುವುದೂ ತಪ್ಪೇ. ರಸ್ತೆಯ ವೇಗಕ್ಕೆ ಹೊಂದಿಕೊಂಡು, ಮುಂದಿನ ವಾಹನದಿಂದ ಅಂತರ ಇಟ್ಟುಕೊಂಡು ಹೋಗಬೇಕು.

ಖರ್ಚು ಮತ್ತು ಡ್ರೈವರ್ ವೀಸಾದ ಭರವಸೆಗಳು

ಫೈಲ್ ತೆರೆಯುವುದು, ಕಣ್ಣಿನ ಪರೀಕ್ಷೆ, ಪುಸ್ತಕ, ಪಾಠ, ಪ್ರತಿ ಪರೀಕ್ಷೆ, ಕೊನೆಗೆ ಕಾರ್ಡ್, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಶುಲ್ಕ. ಎಲ್ಲ ಸೇರಿದರೆ ಹಲವು ಸಾವಿರ ದಿರ್ಹಮ್ ಆಗುತ್ತದೆ. ಸಣ್ಣ ಸಂಬಳದವರಿಗೆ ಇದು ತಿಂಗಳುಗಳ ದುಡಿಮೆ. ಎರಡು ಮೂರು ಸಲ ಫೇಲಾದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಶಾಲೆ ಸೇರುವಾಗ ಕೇಳಬೇಕಾದ ಪ್ರಶ್ನೆ ಕೋರ್ಸಿನ ಬೆಲೆ ಎಷ್ಟು ಎಂಬುದು ಮಾತ್ರವಲ್ಲ. ಫೇಲಾದರೆ ಪ್ರತಿ ಸಲ ಎಷ್ಟು ಎಂಬುದನ್ನೂ ಕೇಳಬೇಕು.

ಡ್ರೈವರ್ ವೀಸಾ ಎಂದು ಹೇಳಿ ಕಳುಹಿಸುವ ಏಜೆಂಟರ ವಿಷಯದಲ್ಲಿ ವಿಶೇಷ ಜಾಗ್ರತೆ ಬೇಕು. "ಲೈಸನ್ಸ್ ಕಂಪನಿಯೇ ಮಾಡಿಕೊಡುತ್ತದೆ" ಎಂಬ ಮಾತು ಸಾಮಾನ್ಯ. ಆದರೆ ಖರ್ಚು ಯಾರದ್ದು, ಸಂಬಳದಲ್ಲಿ ಕಡಿತ ಇದೆಯೇ, ಲೈಸನ್ಸ್ ಸಿಗುವ ತನಕ ಯಾವ ಕೆಲಸ, ಎಷ್ಟು ಸಂಬಳ, ಫೇಲಾದರೆ ಏನು ಎಂಬ ಐದು ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಒಪ್ಪಂದ ಪತ್ರದಲ್ಲಿಯೇ ಬರೆದಿರಬೇಕು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ ವಲಸೆ ಅನುಮತಿಯ ನಿಬಂಧನೆ ಇರುತ್ತದೆ. ಅಂಥವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಕೇಂದ್ರ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಬೇಕು. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನೂ ಅಲ್ಲಿಯೇ ನೋಡಬಹುದು. ವಿಸಿಟ್ ವೀಸಾದಲ್ಲಿ ಕಳುಹಿಸಿ ಅಲ್ಲಿ ಬದಲಾಯಿಸುತ್ತೇವೆ ಎಂದರೆ ಈ ರಕ್ಷಣೆ ಯಾವುದೂ ಉಳಿಯುವುದಿಲ್ಲ. ಕೇರಳದವರು ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆಯಲ್ಲಿಯೂ ವಿಚಾರಿಸಬಹುದು.

ಬೇರೆ ಗಲ್ಫ್ ದೇಶಗಳಲ್ಲಿ

ಒಮಾನ್‌ನಲ್ಲಿ ಪರೀಕ್ಷೆ ನಡೆಸುವುದು ರಾಯಲ್ ಒಮಾನ್ ಪೊಲೀಸ್. ಅಲ್ಲಿ ಡ್ರಮ್‌ಗಳ ನಡುವೆ ಹಿಮ್ಮುಖವಾಗಿ ಗಾಡಿ ಸೇರಿಸುವ ಪರೀಕ್ಷೆ ಮತ್ತು ಏರಿನ ಪರೀಕ್ಷೆ ಪ್ರಸಿದ್ಧ. ಅವು ಮುಗಿದ ಮೇಲೆ ರಸ್ತೆ ಪರೀಕ್ಷೆ. ಕುವೈತ್‌ನಲ್ಲಿ ವಿದೇಶಿ ನೌಕರರಿಗೆ ಸಂಬಳ, ವಿದ್ಯಾರ್ಹತೆ, ವಾಸದ ಅವಧಿಯ ಷರತ್ತುಗಳನ್ನು ವಿಧಿಸುತ್ತಾ ಬಂದಿದ್ದಾರೆ. ಹೀಗಾಗಿ ಕುವೈತ್‌ಗೆ ಹೋಗುವವರು ಲೈಸನ್ಸ್ ಸುಲಭವಾಗಿ ಸಿಗುತ್ತದೆಂದು ಲೆಕ್ಕ ಹಾಕಬಾರದು. ಸೌದಿ ಅರೇಬಿಯಾದಲ್ಲಿ ಮಹಿಳೆಯರಿಗೆ ವಾಹನ ಓಡಿಸುವ ಅವಕಾಶ ಸಿಕ್ಕಿದ್ದು 2018ರ ಜೂನ್ 24ರಿಂದ. ಯು.ಎ.ಇ.ಯಲ್ಲಿ ಅಂಥ ನಿರ್ಬಂಧ ಇರಲಿಲ್ಲ. ಅಲ್ಲಿನ ಶಾಲೆಗಳಲ್ಲಿ ಮಹಿಳೆಯರಿಗೆ ಮಹಿಳಾ ತರಬೇತುದಾರರೂ ಸಿಗುತ್ತಾರೆ.

ಲೈಸನ್ಸ್ ಕೈಗೆ ಬಂದ ಮೇಲೆ

ಯು.ಎ.ಇ.ಯಲ್ಲಿ ವಿದೇಶಿಯರಿಗೆ ಮೊದಲ ಲೈಸನ್ಸ್ ಎರಡು ವರ್ಷಕ್ಕೆ ಸಿಗುತ್ತದೆ. ನವೀಕರಿಸಿದಾಗ ಐದು ವರ್ಷಕ್ಕೆ. ಈ ಪದ್ಧತಿ 2017ರಲ್ಲಿ ಬಂತು. ತಪ್ಪಿಗೆ ದಂಡದ ಜತೆ ಕಪ್ಪು ಅಂಕಗಳೂ ಬೀಳುತ್ತವೆ. ಸೀಟ್ ಬೆಲ್ಟ್ ಹಾಕದಿದ್ದರೆ 400 ದಿರ್ಹಮ್ ಮತ್ತು 4 ಅಂಕ. ಓಡಿಸುವಾಗ ಕೈಯಲ್ಲಿ ಮೊಬೈಲ್ ಹಿಡಿದರೆ 800 ದಿರ್ಹಮ್ ಮತ್ತು 4 ಅಂಕ. ಕೆಂಪು ದೀಪ ದಾಟಿದರೆ 1,000 ದಿರ್ಹಮ್, 12 ಅಂಕ, 30 ದಿನ ವಾಹನ ಮುಟ್ಟುಗೋಲು. ಶಾಲಾ ಬಸ್ಸು 'ಸ್ಟಾಪ್' ಫಲಕ ತೆರೆದಾಗ ನಿಲ್ಲದಿದ್ದರೆ 1,000 ದಿರ್ಹಮ್ ಮತ್ತು 10 ಅಂಕ. ಒಂದು ವರ್ಷದಲ್ಲಿ 24 ಅಂಕ ತುಂಬಿದರೆ ಲೈಸನ್ಸ್ ಅಮಾನತಾಗುತ್ತದೆ. ಅಂದರೆ ಎರಡು ಸಲ ಕೆಂಪು ದೀಪ ದಾಟಿದವನ ಕೆಲಸಕ್ಕೇ ಸಂಚಕಾರ. ಮದ್ಯ ಕುಡಿದು ಓಡಿಸಿದರೆ 2025ರಲ್ಲಿ ಜಾರಿಗೆ ಬಂದ ಕಾನೂನಿನಂತೆ ದಂಡವೇ 20,000ದಿಂದ 1,00,000 ದಿರ್ಹಮ್ ತನಕ, ಜೈಲೂ ಆಗಬಹುದು.

ವೇಗದ ವಿಷಯದಲ್ಲಿ ಎಮಿರೇಟ್‌ಗಳ ನಡುವೆ ವ್ಯತ್ಯಾಸವಿದೆ. ದುಬೈಯಲ್ಲಿ ಫಲಕದ ಮಿತಿಗಿಂತ 20 ಕಿಲೋಮೀಟರ್ ತನಕ ಕ್ಯಾಮರಾ ಸುಮ್ಮನಿರುತ್ತದೆ. ಅಬುಧಾಬಿ ಈ ರಿಯಾಯಿತಿಯನ್ನು 2018ರ ಆಗಸ್ಟ್‌ನಲ್ಲಿ ತೆಗೆದುಹಾಕಿತು. ದುಬೈಯ ಅಭ್ಯಾಸದಲ್ಲಿ ಅಬುಧಾಬಿಗೆ ಹೋದವರಿಗೆ ದಂಡದ ಸಂದೇಶ ಮೊಬೈಲಿಗೆ ಬರುತ್ತದೆ.

ರಜೆಯಲ್ಲಿ ಊರಿಗೆ ಬಂದಾಗ

ಅಲ್ಲಿನ ಲೈಸನ್ಸ್ ಸಿಕ್ಕಿತೆಂದು ಊರಿನದ್ದನ್ನು ಮರೆಯುವವರು ಹಲವರು. ಎರಡು ವರ್ಷಕ್ಕೊಮ್ಮೆ ಬಂದಾಗ ಕಾರು ತೆಗೆದು ಕುಟುಂಬ ಸಮೇತ ಮಧೂರಿಗೋ ಮಂಗಳೂರಿಗೋ ಹೊರಡುವಾಗ ನೋಡಿದರೆ ಅವಧಿ ಮುಗಿದಿರುತ್ತದೆ. 2019ರ ತಿದ್ದುಪಡಿಯ ಬಳಿಕ ಭಾರತದಲ್ಲಿ ಸಾಮಾನ್ಯ ಲೈಸನ್ಸ್ ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದ ತನಕ ಅರ್ಜಿ ಹಾಕಬಹುದು. ಅದನ್ನೂ ದಾಟಿದರೆ ಮತ್ತೆ ಪರೀಕ್ಷೆ ಎದುರಿಸಬೇಕು. ಮೂವತ್ತರ ಒಳಗೆ ಪಡೆದ ಲೈಸನ್ಸ್ ನಲವತ್ತು ತುಂಬುವ ತನಕ, ಮೂವತ್ತರಿಂದ ಐವತ್ತರೊಳಗಿನವರದ್ದು ಹತ್ತು ವರ್ಷ ನಡೆಯುತ್ತದೆ. ನಲವತ್ತರ ಹತ್ತಿರ ಇರುವವರು ಈ ರಜೆಯಲ್ಲೇ ಕಾರ್ಡ್ ತೆಗೆದು ದಿನಾಂಕ ನೋಡಿಕೊಳ್ಳುವುದು ಒಳಿತು. ಅವಧಿ ಮುಗಿದ ಊರಿನ ಲೈಸನ್ಸ್‌ನಲ್ಲಿ ಊರಿನ ಅಪಘಾತಕ್ಕೆ ವಿಮೆ ಕೇಳುವುದೂ ಕಷ್ಟವೇ.

ಇನ್ನೊಂದು ಅಪಾಯ ಕಾಗದದ್ದಲ್ಲ. ಎರಡು ವರ್ಷ ಬಲಬದಿಯಲ್ಲಿ ಓಡಿಸಿ ಬಂದವರು ಮೊದಲ ದಿನ ಖಾಲಿ ರಸ್ತೆಯಲ್ಲಿ ತಿರುವು ತೆಗೆದಾಗ ತಿಳಿಯದೆ ಬಲಕ್ಕೆ ಸರಿಯುವ ಸಾಧ್ಯತೆ ಇದೆ. ಎದುರು ವಾಹನ ಇದ್ದಾಗ ಎಚ್ಚರ ತಾನಾಗಿ ಬರುತ್ತದೆ. ಇಲ್ಲದಿದ್ದಾಗಲೇ ಮರೆವು. ವಿಮಾನ ಇಳಿದು ನಿದ್ದೆ ಇಲ್ಲದ ಕಣ್ಣಿನಲ್ಲಿ ನೇರವಾಗಿ ಸ್ಟೇರಿಂಗ್ ಹಿಡಿಯದೆ, ಮೊದಲ ಒಂದೆರಡು ದಿನ ಹತ್ತಿರದ ರಸ್ತೆಗಳಲ್ಲಿ ನಿಧಾನವಾಗಿ ಓಡಿಸಿ ಕೈ ಹೊಂದಿಸಿಕೊಳ್ಳಬೇಕು.

ಶುಲ್ಕ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ ಹಣ ಕಟ್ಟುವ ಮೊದಲು ಆಯಾ ಎಮಿರೇಟ್‌ನ ಅಧಿಕೃತ ಜಾಲತಾಣದಲ್ಲಿ ಅಥವಾ ಮಾನ್ಯತೆ ಪಡೆದ ಶಾಲೆಯ ಕೌಂಟರಿನಲ್ಲಿ ಒಮ್ಮೆ ವಿಚಾರಿಸಿಕೊಳ್ಳಬೇಕು. ಊರಿನಲ್ಲಿ ಮಾಡಬೇಕಾದ ಕೆಲಸಕ್ಕೆ ಮಾತ್ರ ಕಾಯುವ ಅಗತ್ಯವಿಲ್ಲ. ಹೆಸರು, ದಿನಾಂಕ, ವಿಳಾಸ, ಅವಧಿ ಈ ನಾಲ್ಕು ಸರಿ ಇರುವ ಲೈಸನ್ಸ್ ಕಾರ್ಡ್ ಪಾಸ್‌ಪೋರ್ಟ್ ಜತೆಗೇ ಇರಲಿ.